ಪಾಳಿಯಲ್ಲಿ ಹುಟ್ಟಿದ ನಂಟು

ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಗುಳಿಗೆ ಬರೋದು ಪ್ಲಾಸ್ಟಿಕ್ ಡಬ್ಬಿಯಲ್ಲಿ. ಒಳಗೆ ಮೂವತ್ತು ಗುಳಿಗೆ. ಚೀಲದಲ್ಲಿ ಇಟ್ಟುಕೊಂಡು ನಡೆದರೆ ಗಲಗಲ ಸದ್ದು ಮಾಡುತ್ತೆ. ಬಸ್ಸಿನಲ್ಲಿ ಪಕ್ಕ ಕೂತವರು "ಏನ್ ಗುಳಿಗಿ ಅವು?" ಅಂತ ಕೇಳಿಬಿಟ್ಟರೆ? ಅದಕ್ಕೆ ಆಸ್ಪತ್ರೆಯ ಹೊರಗೇ ಮುಚ್ಚಳ ತೆಗೆದು, ಮೇಲೊಂದು ಉಂಡೆ ಹತ್ತಿ ತುರುಕಿ, ಲೇಬಲ್ ಕಿತ್ತು ಹಾಕಿ, ಆಮೇಲೆ ಬಸ್ ಹತ್ತಬೇಕು. ಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿ ಹತ್ತಿರ ಇಡಬಾರದು, ಅಲ್ಲಿ ಅತ್ತೆ ಕೈ ಹಾಕುತ್ತಾರೆ. ಸೀರೆ ಟ್ರಂಕೇ ಸರಿ.

ಇದನ್ನು ಯಾವ ಡಾಕ್ಟರೂ ಹೇಳಿಕೊಡುವುದಿಲ್ಲ. ಹೇಳಿಕೊಡೋದು ಗುಳಿಗೆಯ ಪಾಳಿಯಲ್ಲಿ, ಅಂದರೆ ಸಾಲಿನಲ್ಲಿ, ಮುಂದೆ ನಿಂತಿರುವ, ಎರಡು ವರ್ಷ ಮೊದಲೇ ಗುಳಿಗೆ ಶುರು ಮಾಡಿದ ಇನ್ನೊಬ್ಬ ಹೆಣ್ಣುಮಗಳು. ಎಚ್‌ಐವಿ ಇರುವ ಮಹಿಳೆಯರಿಗೆ ಎಚ್‌ಐವಿ ಇರುವ ಮಹಿಳೆಯರೇ ಆಸರೆಯಾಗುವ ಕಾರ್ಯಕ್ರಮಗಳ ಬಗ್ಗೆ ಈಗ ಮೀಟಿಂಗ್‌ಗಳಲ್ಲಿ ಜಾಸ್ತಿ ಮಾತು ಕೇಳಿಬರುತ್ತೆ. ಆದರೆ ಅದರ ಬೇರು ಈ ಪಾಳಿಯಲ್ಲೇ ಇದೆ. ಯೋಜನೆಗಳು ಬಂದಿದ್ದು ಆಮೇಲೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾಗಿದ್ದು 1986ರಲ್ಲಿ, ಚೆನ್ನೈನಲ್ಲಿ, ಡಾ. ಸುನೀತಿ ಸಾಲೊಮನ್ ಅವರ ತಂಡದ ಪರೀಕ್ಷೆಯಲ್ಲಿ. ಅದಕ್ಕೂ ಮೂರು ವರ್ಷ ಮೊದಲೇ, 1983ರಲ್ಲಿ, ಅಮೆರಿಕದ ಡೆನ್ವರ್‌ನಲ್ಲಿ ಸೇರಿದ್ದ ಏಡ್ಸ್ ಪೀಡಿತರು ನಮ್ಮನ್ನು ಬಲಿಪಶುಗಳು ಅನ್ನಬೇಡಿ, ನಮ್ಮ ಬಗ್ಗೆ ನಿರ್ಧಾರ ಮಾಡುವ ಕಡೆ ನಮಗೂ ಜಾಗ ಕೊಡಿ ಅಂತ ಕೇಳಿದ್ದರು. 1994ರ ಡಿಸೆಂಬರ್ 1ರಂದು ಪ್ಯಾರಿಸ್‌ನಲ್ಲಿ 42 ದೇಶಗಳು ಆ ಮಾತನ್ನು ಒಪ್ಪಿ ಸಹಿ ಹಾಕಿದವು. ಭಾರತವೂ ಅದರಲ್ಲಿತ್ತು.

ನಮ್ಮಲ್ಲಿ ಈ ವಿಚಾರ ಮೊದಲು ಗಟ್ಟಿಯಾಗಿ ಬೇರುಬಿಟ್ಟಿದ್ದು ಲೈಂಗಿಕ ಕಾರ್ಯಕರ್ತೆಯರ ನಡುವೆ. 1992ರಲ್ಲಿ ಕೋಲ್ಕತ್ತದ ಸೋನಾಗಾಚಿಯಲ್ಲಿ ಡಾ. ಸ್ಮರಜಿತ್ ಜಾನಾ ಶುರು ಮಾಡಿದ ಕೆಲಸದಲ್ಲಿ ಆ ಓಣಿಯ ಮಹಿಳೆಯರೇ ಮನೆಮನೆಗೆ ಹೋಗಿ ಕಾಂಡೋಮ್ ಬಗ್ಗೆ ಹೇಳುತ್ತಿದ್ದರು. ಪೀರ್ ಎಜುಕೇಟರ್, ಅಂದರೆ ತಮ್ಮಂಥವರಿಗೆ ತಾವೇ ತಿಳಿಹೇಳುವವರು, ಅನ್ನೋ ಮಾತು ನಮ್ಮ ಬಾಯಿಗೂ ಬಂದಿದ್ದು ಹೀಗೇ. ಆದರೆ ಮನೆಯಲ್ಲಿದ್ದ ಹೆಂಡತಿಯರನ್ನು ಆಗ ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ. 1998ರಲ್ಲಿ ಗಂಡನಿಂದಲೇ ಸೋಂಕು ತಗುಲಿದ್ದ ಪಿ. ಕೌಸಲ್ಯಾ ಮತ್ತು ಗೆಳತಿಯರು ಚೆನ್ನೈನಲ್ಲಿ ಪಾಸಿಟಿವ್ ವಿಮೆನ್ ನೆಟ್‌ವರ್ಕ್ ಕಟ್ಟಿದರು. ಮೊದಲೇ ಇದ್ದ ಸಂಘಗಳಲ್ಲಿ ಗಂಡಸರ ಮಾತೇ ನಡೆಯುತ್ತಿತ್ತು. ಹೆರಿಗೆ, ಮಕ್ಕಳು, ವಿಧವೆಯ ಆಸ್ತಿ, ಇವೆಲ್ಲ ಅಲ್ಲಿ ಚರ್ಚೆಗೇ ಬರುತ್ತಿರಲಿಲ್ಲ.

ಇನ್ನು ನಮ್ಮ ಕಡೆಯ ಕಥೆ. ಕರ್ನಾಟಕ ಆಗ ದೇಶದಲ್ಲಿ ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಒಂದು. ಅಂಕೋಲಾ-ಗುತ್ತಿ ಹೆದ್ದಾರಿ ಮತ್ತು ಸೊಲ್ಲಾಪುರ-ಚಿತ್ರದುರ್ಗ ಹೆದ್ದಾರಿ ಎರಡೂ ಹೊಸಪೇಟೆಯಲ್ಲಿ ಸೇರುತ್ತವೆ. 2021ರಲ್ಲಿ ವಿಜಯನಗರ ಜಿಲ್ಲೆ ಆಗುವ ತನಕ ಹೊಸಪೇಟೆ ಬಳ್ಳಾರಿಯದೇ. 2000ದ ನಂತರ ಅದಿರಿನ ಬೆಲೆ ಏರಿತು, ಸಂಡೂರಿನಿಂದ ಹಗಲು-ರಾತ್ರಿ ಲಾರಿಗಳು ಓಡಿದವು, 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸುವವರೆಗೂ ಆ ಗದ್ದಲ ನಿಲ್ಲಲಿಲ್ಲ. ಇನ್ನೊಂದು ಕಡೆ, ಮಳೆ ಕೈಕೊಟ್ಟ ವರ್ಷ ಲಿಂಗಸುಗೂರು, ಕುಷ್ಟಗಿ ಕಡೆಯವರು ಗೋವಾಕ್ಕೆ, ಪುಣೆಗೆ, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ತಿಂಗಳುಗಟ್ಟಲೆ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ. ಸೋಂಕಿನ ಮಾತೆತ್ತಿದರೆ ಜನ ದೇವದಾಸಿಯರ ಕಡೆ ಬೆರಳು ತೋರಿಸಿದರು. ಅದು ತಪ್ಪು, ಅಷ್ಟೇ ಕ್ರೂರ ಕೂಡ. ಆ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿದ್ದೇನೋ ಹೌದು. ಆದರೆ ಬಸವಿ ಬಿಡಿಸಿಕೊಂಡವರಿಗೆ, ಅಂದರೆ ದೇವದಾಸಿಯಾಗಿ ದೇವರಿಗೆ ಬಿಟ್ಟವರಿಗೆ, ಬದುಕಲು ಬೇರೆ ದಾರಿಯನ್ನು ಎಷ್ಟು ಜನ ತೋರಿಸಿದ್ದಾರೆ, ಹೇಳಿ?

ಬಹುತೇಕ ಹೆಣ್ಣುಮಕ್ಕಳಿಗೆ ಸುದ್ದಿ ಗೊತ್ತಾಗುತ್ತಿದ್ದುದು ಎರಡೇ ಹೊತ್ತಿನಲ್ಲಿ. ಒಂದು, ಬಸುರಿಯಾದಾಗ ಮಾಡುವ ರಕ್ತ ಪರೀಕ್ಷೆಯಲ್ಲಿ. ಇನ್ನೊಂದು, ಗಂಡ ಹಾಸಿಗೆ ಹಿಡಿದು ಇನ್ನೇನು ಹೋಗುತ್ತಾನೆ ಅನ್ನುವಾಗ. ಮೊದಲು ಟೆಸ್ಟ್ ಆದವಳು ಅವಳಾದರೆ ರೋಗ ತಂದವಳೂ ಅವಳೇ ಅನ್ನೋ ತೀರ್ಮಾನ ಮನೆಯಲ್ಲಿ ಆಗಿಹೋಗುತ್ತಿತ್ತು. ಗಂಡನ ಮಣ್ಣು ಮುಗಿದ ವಾರದಲ್ಲೇ ತವರಿಗೆ ಕಳಿಸಿಬಿಡುತ್ತಿದ್ದರು.

ಔಷಧಿಯಾದರೂ ಸಿಗುತ್ತಿತ್ತಾ? 2001ರಲ್ಲಿ ಸಿಪ್ಲಾ ಕಂಪನಿ ವರ್ಷಕ್ಕೆ 350 ಡಾಲರ್‌ಗೆ ಕೊಡುತ್ತೇನೆ ಅಂದಾಗ ಜಗತ್ತೇ ಬೆರಗಾಯಿತು. ಹತ್ತಿ ಬಿಡಿಸುವ ಕೂಲಿಯವಳಿಗೆ ಅದೂ ಕೈಗೆಟುಕದ ದುಡ್ಡೇ. 2004ರ ಏಪ್ರಿಲ್ 1ರಂದು ಸರ್ಕಾರ ಉಚಿತ ಎಆರ್‌ಟಿ ಶುರು ಮಾಡಿತು, ಇಡೀ ದೇಶಕ್ಕೆ ಎಂಟು ಕೇಂದ್ರ. ನಮ್ಮ ರಾಜ್ಯದ್ದು ಬೆಂಗಳೂರಿನಲ್ಲಿ. ಜಿಲ್ಲೆಗಳಿಗೆ ಬಂದಿದ್ದು ಆಮೇಲೆ, ತಾಲ್ಲೂಕಿಗೆ ಲಿಂಕ್ ಕೇಂದ್ರಗಳು ಬಂದಿದ್ದು ಇನ್ನೂ ಆಮೇಲೆ. ಅದೂ ಬಂದವರಿಗೆಲ್ಲ ಗುಳಿಗೆ ಕೊಡುತ್ತಿರಲಿಲ್ಲ. ರೋಗದ ವಿರುದ್ಧ ಹೋರಾಡುವ ರಕ್ತದ ಸಿಡಿ4 ಕಣಗಳು ಸಾಮಾನ್ಯವಾಗಿ 200ಕ್ಕಿಂತ ಕೆಳಗೆ ಇಳಿಯಬೇಕಿತ್ತು. ಮುಂದೆ ಆ ಮಿತಿ 350 ಆಯಿತು, 500 ಆಯಿತು, 2017ರಲ್ಲಿ ಪಾಸಿಟಿವ್ ಬಂದವರಿಗೆಲ್ಲ ತಕ್ಷಣ ಚಿಕಿತ್ಸೆ ಅಂತಾಯಿತು. ಅಲ್ಲಿಯವರೆಗೆ ಪಾಳಿಯಲ್ಲಿ ಮೊದಲ ಮಾತೇ "ಕೌಂಟ್ ಎಷ್ಟೈತ್ ಅಕ್ಕಾ?"

ಪಾಳಿ ದೊಡ್ಡದಾದ ಹಾಗೆ ಮಾತೂ ಬೆಳೆಯಿತು. ಆಗ ಕೊಡುತ್ತಿದ್ದ ಸ್ಟಾವುಡಿನ್ ಅನ್ನೋ ಗುಳಿಗೆಯಿಂದ ಕೆನ್ನೆಯ ಕೊಬ್ಬು ಕರಗಿ ಮುಖ ಒಳಗೆ ಹೋಗುತ್ತಿತ್ತು. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ದಪ್ಪ. ಊರಲ್ಲಿ ಮುಖ ನೋಡಿಯೇ ಗುರುತು ಹಿಡಿಯುತ್ತಾರೆ ಅನ್ನೋ ಭಯಕ್ಕೆ ಗುಳಿಗೆ ಬಿಟ್ಟವರಿದ್ದಾರೆ. ಜಿಡೊವುಡಿನ್ ತಗೊಂಡರೆ ರಕ್ತ ಕಡಿಮೆಯಾಗುವ ಅಪಾಯ, ನಮ್ಮ ಹೆಣ್ಣುಮಕ್ಕಳಲ್ಲಿ ಮೊದಲೇ ರಕ್ತ ಕಮ್ಮಿ. ಎಫಾವಿರೆಂಜ್ ತಗೊಂಡ ರಾತ್ರಿ ತಲೆ ತಿರುಗುವುದು, ಕೆಟ್ಟ ಕೆಟ್ಟ ಕನಸು. ಇದು ದೆವ್ವದ ಕಾಟ ಅಲ್ಲ ತಂಗಿ, ಗುಳಿಗೆಯದು, ಸ್ವಲ್ಪ ದಿನಕ್ಕೆ ಹೋಗುತ್ತೆ, ಬಿಡಬೇಡ. ಇಷ್ಟು ಹೇಳೋಕೆ ಒಬ್ಬಳು ಇದ್ದಿದ್ದಕ್ಕೇ ಎಷ್ಟು ಜನ ಉಳಿದುಕೊಂಡರೋ.

ಸರ್ಕಾರಕ್ಕೂ ಇದರ ಬೆಲೆ ತಿಳಿಯಿತು. ಎಆರ್‌ಟಿ ಕೇಂದ್ರಗಳಲ್ಲಿ ಕೇರ್ ಕೋಆರ್ಡಿನೇಟರ್ ಅನ್ನೋ ಹುದ್ದೆಯನ್ನು ಎಚ್‌ಐವಿ ಜೊತೆ ಬದುಕುವವರಿಗೇ ಕೊಟ್ಟರು. 2013ರಲ್ಲಿ ಗ್ಲೋಬಲ್ ಫಂಡ್ ಅನ್ನೋ ಅಂತರರಾಷ್ಟ್ರೀಯ ನಿಧಿಯ ದುಡ್ಡಿನಿಂದ ವಿಹಾನ್ ಯೋಜನೆ ಬಂತು. ಅದರ ಕೆಳಗೆ ಆಸರೆ ಕೇಂದ್ರಗಳು, ಬಹಳ ಕಡೆ ಪಾಸಿಟಿವ್ ಸಂಘಗಳೇ ನಡೆಸುವಂಥವು. ಪೀರ್ ಕೌನ್ಸೆಲರ್, ಹಳ್ಳಿ ಸುತ್ತುವ ಕಾರ್ಯಕರ್ತೆಯರು. ಪಾಳಿಯಲ್ಲಿ ಸುಮ್ನೆ ಮಾಡುತ್ತಿದ್ದ ಕೆಲಸಕ್ಕೆ ಒಂದು ಹೆಸರು ಬಂತು, ಒಂದಿಷ್ಟು ಗೌರವಧನವೂ ಬಂತು.

ಇಲ್ಲೇ ತೊಡಕೂ ಶುರುವಾಯಿತು ಅಂತ ನನ್ನ ಅನಿಸಿಕೆ. ಕೆಲಸ ಮೆಲ್ಲಗೆ ಎಲ್‌ಎಫ್‌ಯು ಲಿಸ್ಟಿಗೆ ಇಳಿಯಿತು. ಅಂದರೆ ಗುಳಿಗೆ ಬಿಟ್ಟು ನಾಪತ್ತೆಯಾದವರ ಪಟ್ಟಿ. ಅವರನ್ನು ಹುಡುಕಿ ತರುವುದು ಮುಖ್ಯವೇ, ಪ್ರಾಣದ ಪ್ರಶ್ನೆ ಅದು. ಆದರೆ ಹುಡುಕಿಕೊಂಡು ಮನೆಗೆ ಹೋಗುವುದೇ ಕೆಲವೊಮ್ಮೆ ಗುಟ್ಟು ಒಡೆದ ಹಾಗೆ. ಹಳ್ಳಿಯಲ್ಲಿ ಆ ಅಕ್ಕ ಯಾವ ಕೆಲಸದವಳು ಅಂತ ಒಬ್ಬರಿಗೆ ಗೊತ್ತಿದ್ದರೂ ಸಾಕು, ಅವಳು ಯಾರ ಬಾಗಿಲಿಗೆ ಹೋದರೂ ಆ ಮನೆ ಲೆಕ್ಕಕ್ಕೆ ಬರುತ್ತೆ. ಅದಕ್ಕೇ ಗೊತ್ತಿರುವವರು ಸಂಘದ ಸಾಲದ ವಿಚಾರ ಅಂತ ಹೇಳಿಕೊಂಡು ಹೋಗುತ್ತಾರೆ, ಪಕ್ಕದ ಎರಡು ಮನೆಗೂ ಹೋಗಿ ಸುಮ್ನೆ ಮಾತಾಡಿಸಿ ಬರುತ್ತಾರೆ. ಗಂಗಾವತಿಯವಳು ಕೊಪ್ಪಳ ಬಿಟ್ಟು ಬಳ್ಳಾರಿಗೆ ಹೋಗಿ ಗುಳಿಗೆ ತಗೊಳ್ಳೋದೂ ಇದಕ್ಕೇ. ಹಾಗಾಗಿ ಹೊಸ ಕಾರ್ಯಕ್ರಮ ಮಾಡುವವರು ಒಂದೇ ಊರಿನವರನ್ನು ಒಬ್ಬರಿಗೊಬ್ಬರು ಜೋಡಿ ಮಾಡುವ ಮುಂಚೆ ಆಸರೆ ಬೇಕಾದವಳನ್ನೇ ಕೇಳಬೇಕು: ಹತ್ತಿರದವಳು ಬೇಕಾ, ದೂರದವಳಾ? ಮನೆಗೆ ಬರಬೇಕಾ, ಸಂತೆಯಲ್ಲಿ ಸಿಗಬೇಕಾ, ಫೋನ್ ಸಾಕಾ? ಫೋನ್ ಯಾರ ಕೈಯಲ್ಲಿರುತ್ತೆ?

ಬಾಣಂತಿಯರ ವಿಷಯದಲ್ಲಿ ಈ ಆಸರೆಯ ತೂಕ ಚೆನ್ನಾಗಿ ಕಾಣುತ್ತೆ. ಏನೂ ಮಾಡದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಂಭವ 100ಕ್ಕೆ 15ರಿಂದ 45. ಚಿಕಿತ್ಸೆ ಸರಿಯಾಗಿ ನಡೆದರೆ 5ಕ್ಕಿಂತ ಕಡಿಮೆ. ಲೆಕ್ಕ ಸುಲಭ, ಮನೆ ಸುಲಭವಲ್ಲ. ಹುಟ್ಟಿದ ಮಗುವಿಗೆ ಕನಿಷ್ಠ ಆರು ವಾರ, ಸೋಂಕು ತಡೆಯುವ ನೆವಿರಪಿನ್‌ನಂಥ ಸಿರಪ್ ಹಾಕಬೇಕು. ಏನದು ಅಂತ ಅತ್ತೆ ಕೇಳಿದರೆ? ಮೊದಲ ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಕೊಡಬಾರದು. ಆದರೆ ಜೇನುತುಪ್ಪ ನೆಕ್ಕಿಸೋಕೆ, ಆಕಳ ಹಾಲು ಕುಡಿಸೋಕೆ ಹತ್ತು ಜನ ಬರುತ್ತಾರೆ. ಎರಡೂ ಬೆರೆತರೆ ಅಪಾಯ ಜಾಸ್ತಿ. ಇದನ್ನೆಲ್ಲ ದಾಟಿ ಬಂದ ತಾಯಿಯೇ ಹೇಳಿಕೊಡಬೇಕು. ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಲ್ಲಿ 2001ರಲ್ಲಿ ಶುರುವಾದ ಮದರ್ಸ್ ಟು ಮದರ್ಸ್ ಸಂಸ್ಥೆ ಮಾಡಿದ್ದು ಇದನ್ನೇ. ಎಚ್‌ಐವಿ ಇರುವ ತಾಯಂದಿರನ್ನು ಆಸ್ಪತ್ರೆಯಲ್ಲಿ ಸಂಬಳಕ್ಕೆ ಇಟ್ಟುಕೊಂಡಿತು. ಸಂಬಳ ಅನ್ನೋ ಮಾತು ಮುಖ್ಯ. ನಮ್ಮಲ್ಲಿ ಇದನ್ನು ಸೇವೆ ಅಂತ ಹೊಗಳಿ ಬಸ್ ಚಾರ್ಜ್‌ನಲ್ಲೇ ಮುಗಿಸುವ ಅಭ್ಯಾಸ ಇದೆ. ಯೋಜನೆಯ ಅವಧಿ ಮುಗಿದ ತಿಂಗಳೇ ಅಕ್ಕನೂ ಇಲ್ಲ, ಅವಳ ಬರುವಿಕೆ ಕಾಯುತ್ತಿದ್ದವಳಿಗೆ ಕಾರಣ ಹೇಳುವವರೂ ಇಲ್ಲ.

ಈಗ ಗುಳಿಗೆ ಎಷ್ಟೋ ಸುಧಾರಿಸಿದೆ. 2020ರ ನಂತರ ಡೊಲುಟೆಗ್ರಾವಿರ್ ಇರುವ ಒಂದೇ ಗುಳಿಗೆ, ದಿನಕ್ಕೊಂದು ಸಲ. ರಕ್ತದಲ್ಲಿ ವೈರಸ್ ಕಾಣದಷ್ಟು ತಗ್ಗಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ ಅನ್ನೋದು ಸಾಬೀತಾಗಿದೆ. 2018ರ ಸೆಪ್ಟೆಂಬರ್ 10ರಿಂದ ಎಚ್‌ಐವಿ ಕಾಯ್ದೆ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ವಿಷಯ ಹೊರಗೆ ಹೇಳುವಂತಿಲ್ಲ, ಕೆಲಸದಿಂದ, ಶಾಲೆಯಿಂದ, ಆಸ್ಪತ್ರೆಯಿಂದ ತಳ್ಳುವಂತಿಲ್ಲ, ವಾಸವಿರುವ ಮನೆಯಿಂದ ಹೊರಹಾಕುವಂತಿಲ್ಲ. ತವರಿಗೆ ಅಟ್ಟಿಸಿಕೊಂಡ ಎಷ್ಟು ಜನ ವಿಧವೆಯರಿಗೆ ಈ ಕೊನೆಯ ಮಾತು ಮುಟ್ಟಿದೆ?

ದೇಶದಲ್ಲಿ ಎಚ್‌ಐವಿ ಜೊತೆ ಬದುಕುತ್ತಿರುವವರು ಸುಮಾರು 25 ಲಕ್ಷ, ಅದರಲ್ಲಿ 100ಕ್ಕೆ ಸುಮಾರು 44 ಮಹಿಳೆಯರು. 2004ರ ಆಸುಪಾಸಿನಲ್ಲಿ ಗುಳಿಗೆ ಶುರು ಮಾಡಿದವರಿಗೆ ಈಗ ವಯಸ್ಸಾಗುತ್ತಿದೆ. ಮುಟ್ಟು ನಿಲ್ಲುವ ಕಾಲ, ಮೂಳೆ ನೋವು, ಸಕ್ಕರೆ, ಬಿಪಿ. ಎಲ್ಲಕ್ಕಿಂತ ದೊಡ್ಡದು ಗರ್ಭಕಂಠದ ಕ್ಯಾನ್ಸರ್. ಎಚ್‌ಐವಿ ಇರುವ ಮಹಿಳೆಯರಿಗೆ ಅದರ ಅಪಾಯ ಉಳಿದವರಿಗಿಂತ ಆರು ಪಟ್ಟು. 25 ವರ್ಷದಿಂದಲೇ ತಪಾಸಣೆ ಮಾಡಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಚೀಟಿ ಬರೆದುಕೊಟ್ಟರೆ ಯಾರು ಹೋಗುತ್ತಾರೆ? ತಪಾಸಣೆಯ ಮಂಚದ ಮೇಲೆ ಮಲಗುವ ನಾಚಿಕೆ, ಒಳಗೆ ಏನು ಮಾಡುತ್ತಾರೋ ಅನ್ನೋ ಹೆದರಿಕೆ, ಒಂದು ದಿನದ ಕೂಲಿ ಬೇರೆ.

ಜೊತೆಗೆ ಒಬ್ಬಳು ಇದ್ದರೆ ಹೋಗುತ್ತಾರೆ. "ನಂದೂ ಆಗೇತಿ, ಐದ್ ನಿಮಿಷ ಅಷ್ಟ, ಬಾ" ಅಂತ ಕೈ ಹಿಡಿದು ಕರೆಯುವವಳು. ಒಳಗೆ ಹೋದವಳ ಕೈಚೀಲ, ಚಪ್ಪಲಿ, ನೀರಿನ ಬಾಟಲಿ ಎಲ್ಲ ನೋಡಿಕೊಂಡು ಹೊರಗಿನ ಬೆಂಚಿನ ಮೇಲೆ ಕೂತಿರುತ್ತಾಳೆ. ಆ ದಿನದ ಅವಳ ಕೂಲಿಯೂ ಹೋಗಿರುತ್ತೆ. ಆಸರೆ ಕಾರ್ಯಕ್ರಮದ ಬಜೆಟ್ ಬರೆಯುವವರು ಮೊದಲ ಸಾಲಿನಲ್ಲಿ ಆ ಕೂಲಿಯನ್ನು ಬರೆಯಲಿ.