ಮನೆಗಳ ಓಟ, ಒಳಚರಂಡಿಯ ನಡಿಗೆ

ಸ್ಯಾನ್ ಫ್ರಾನ್ಸಿಸ್ಕೊದ ಉತ್ತರಕ್ಕೆ ಸುಮಾರು 65 ಕಿಲೋಮೀಟರ್ ದೂರದಲ್ಲಿರುವ ಪೆಟಲೂಮಾ ಒಂದು ಕಾಲಕ್ಕೆ ಕೋಳಿಮೊಟ್ಟೆಯ ವ್ಯಾಪಾರಕ್ಕೆ ಹೆಸರಾಗಿದ್ದ ಊರು. ಹೆದ್ದಾರಿ ಸುಧಾರಿಸಿ, ಮಹಾನಗರದಲ್ಲಿ ದುಡಿಯುವವರು ಇಲ್ಲೇ ಮನೆ ಮಾಡಿಕೊಂಡು ದಿನವೂ ಓಡಾಡುವಂತಾದ ಮೇಲೆ, 1950ರಲ್ಲಿ 10,315 ಇದ್ದ ಜನಸಂಖ್ಯೆ 1970ರ ಹೊತ್ತಿಗೆ 24,870ಕ್ಕೆ ಏರಿತು. 1969ರಲ್ಲಿ 358 ಮನೆಗಳು ಎದ್ದಿದ್ದ ಊರಿನಲ್ಲಿ 1971ರಲ್ಲಿ 891 ಎದ್ದವು.

ಬೆಳವಣಿಗೆಗಿಂತಲೂ ಅದರ ವೇಗವೇ ಇಲ್ಲಿ ತೊಡಕು. ಮನೆಗಳು ಒಂದೊಂದಾಗಿ, ವರ್ಷದೊಳಗೆ ಮುಗಿಯುತ್ತವೆ. ಕೊಳಚೆ ನೀರಿನ ಶುದ್ಧೀಕರಣ ಘಟಕವನ್ನಾಗಲಿ ನೀರಿನ ದೊಡ್ಡ ಕೊಳವೆಯನ್ನಾಗಲಿ ಹಾಗೆ ಚೂರುಚೂರಾಗಿ ಕಟ್ಟಲು ಬರುವುದಿಲ್ಲ, ಸಾಲವೆತ್ತಿ ಒಂದೇ ಸಲಕ್ಕೆ ಹತ್ತಾರು ವರ್ಷಗಳ ಅಗತ್ಯಕ್ಕಾಗುವಷ್ಟನ್ನು ಕಟ್ಟಬೇಕಾಗುತ್ತದೆ. ವರ್ಷಕ್ಕೆ ಶೇ. 2ರಂತೆ ಬೆಳೆಯುವ ಊರು ಇಮ್ಮಡಿಯಾಗಲು 35 ವರ್ಷ ಬೇಕು, ಶೇ. 7ರಂತೆ ಬೆಳೆದರೆ ಹತ್ತೇ ವರ್ಷ ಸಾಕು. ಆ ಇಪ್ಪತ್ತೈದು ವರ್ಷಗಳ ಅಂತರದಲ್ಲೇ ನಗರಸಭೆಯ ಲೆಕ್ಕಾಚಾರ ಬುಡಮೇಲಾಗುವುದು.

ಪೆಟಲೂಮಾ 1972ರಲ್ಲಿ, ಐದು ಅಥವಾ ಅದಕ್ಕಿಂತ ಹೆಚ್ಚು ಮನೆಗಳ ಬಡಾವಣೆಗಳಲ್ಲಿ ಏಳುವ ಹೊಸ ಮನೆಗಳು ವರ್ಷಕ್ಕೆ 500ನ್ನು ಮೀರಬಾರದೆಂದು ಐದು ವರ್ಷಗಳ ಮಿತಿ ಹಾಕಿತು. ಬಿಲ್ಡರುಗಳು ನ್ಯಾಯಾಲಯಕ್ಕೆ ಹೋಗಿ ಮೊದಲು ಗೆದ್ದರು. 1975ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿ ಊರಿನ ಯೋಜನೆಯನ್ನು ಎತ್ತಿಹಿಡಿಯಿತು.

ನ್ಯೂಯಾರ್ಕ್ ರಾಜ್ಯದ ರಾಮಪೊ ಹಿಡಿದ ದಾರಿ, ನನ್ನ ಮಟ್ಟಿಗೆ, ಇದಕ್ಕಿಂತ ಜಾಣತನದ್ದು. ಅಲ್ಲಿ ಮನೆಗಳನ್ನು ಎಣಿಸಲಿಲ್ಲ, ನಿವೇಶನಕ್ಕೆ ಅಂಕ ಕೊಟ್ಟರು. ಒಳಚರಂಡಿ, ಮಳೆನೀರಿನ ಕಾಲುವೆ, ಉದ್ಯಾನ ಮತ್ತು ಶಾಲೆ, ರಸ್ತೆ, ಅಗ್ನಿಶಾಮಕ ಠಾಣೆ ಇವು ಐದು ಬಾಬ್ತುಗಳು. ಸಾರ್ವಜನಿಕ ಒಳಚರಂಡಿಯ ಸಂಪರ್ಕವಿದ್ದರೆ 5 ಅಂಕ, ಠಾಣೆ ದೂರವಾದಷ್ಟೂ ಅಂಕ ಕಡಿಮೆ. ಒಟ್ಟು 15 ಆಗದೆ ಬಡಾವಣೆಗೆ ಅನುಮತಿಯಿಲ್ಲ. ಊರು ಈ ಸೌಕರ್ಯಗಳನ್ನು 18 ವರ್ಷಗಳ ಯೋಜನೆಯಲ್ಲಿ ತಾನೇ ಒದಗಿಸಬೇಕಿತ್ತು. ಅಷ್ಟು ಕಾಯಲೊಲ್ಲದ ಬಿಲ್ಡರು ಸ್ವಂತ ಖರ್ಚಿನಲ್ಲಿ ಕೊಳವೆ ಹಾಕಿಸಿ ಅಂಕ ಗಳಿಸಬಹುದಿತ್ತು. 1972ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಇದನ್ನು ಒಪ್ಪಿತು. ನಮ್ಮಲ್ಲಿ ನೋಡಿ, 2007ರಲ್ಲಿ ಬೆಂಗಳೂರಿಗೆ ಸೇರಿದ 110 ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವಿನ ವರ್ಷಗಳಲ್ಲಿ ಎದ್ದ ಅಪಾರ್ಟ್‌ಮೆಂಟುಗಳಿಗೆ ರಾಮಪೊದ ಅಧಿಕಾರಿ ಎಷ್ಟು ಅಂಕ ಕೊಡುತ್ತಿದ್ದನೋ, ಟ್ಯಾಂಕರಿಗೆ ಫೋನು ಮಾಡಿದವರೇ ಹೇಳಬೇಕು.

ಆದರೆ ಮಿತಿ ಹಾಕಿದ ಮಾತ್ರಕ್ಕೆ ಮನೆ ಬೇಕಾದವರು ಇಲ್ಲವಾಗುವುದಿಲ್ಲ. ಅವರು ಪಕ್ಕದ ಊರಿಗೆ ಹೋಗುತ್ತಾರೆ, ಇನ್ನಷ್ಟು ದೂರದಿಂದ ಕಾರಿನಲ್ಲಿ ಬರುತ್ತಾರೆ. ಬೇಡಿಕೆ ಹಾಗೆಯೇ ಇದ್ದು ಪೂರೈಕೆ ಕುಗ್ಗಿದಾಗ ಇರುವ ಮನೆಗಳ ಬೆಲೆಯೂ ಏರುತ್ತದೆ. ಈಗಾಗಲೇ ಮನೆಯುಳ್ಳವರಿಗೆ ಇದು ಲಾಭ, ಮತ ಹಾಕುವವರೂ ಅವರೇ. ಬಾಡಿಗೆದಾರನಾಗಿ ಬರಬೇಕಿದ್ದವನಿಗೆ ಆ ಊರಿನಲ್ಲಿ ಮತವೇ ಇಲ್ಲ. ಪೆಟಲೂಮಾದವರು ಇದನ್ನು ಮರೆತಿರಲಿಲ್ಲ. ವಾರ್ಷಿಕ ಪಾಲಿನಲ್ಲಿ ಶೇ. 8ರಿಂದ 12ರಷ್ಟು ಮನೆಗಳು ಕಡಿಮೆ ಹಾಗೂ ಮಧ್ಯಮ ಆದಾಯದವರಿಗೆ ಸಿಗಬೇಕೆಂದು ಯೋಜನೆಯಲ್ಲೇ ಬರೆದರು. ಮೇಲ್ಮನವಿ ನ್ಯಾಯಾಲಯ ಯೋಜನೆಯನ್ನು ಉಳಿಸುವಾಗ ಈ ಅಂಶವನ್ನೂ ಗಮನಕ್ಕೆ ತೆಗೆದುಕೊಂಡಿತ್ತು.