ರಕ್ತ ಬರುವ ಕಡೆಯೇ ಬ್ರಷ್ ಮಾಡಿ

ಮೇಷ್ಟ್ರು ಬಾಯಿ ತೆರೆದರು. ಬಲಗಡೆಯ ಹಲ್ಲು ಒಬ್ಬರದ್ದು, ಎಡಗಡೆಯದ್ದು ಇನ್ನೊಬ್ಬರದ್ದು ಅನ್ನುವ ಹಾಗಿತ್ತು. ಬಲಗಡೆ ಪರವಾಗಿಲ್ಲ. ಎಡಗಡೆ ಕೆಳಗಿನ ವಸಡು ಊದಿಕೊಂಡು ಕೆಂಪಾಗಿತ್ತು. ಒಂದು ದವಡೆ ಹಲ್ಲು ಮುಟ್ಟಿದರೆ ಅಲುಗಾಡುತ್ತಿತ್ತು.

“ಈ ಕಡೆ ಬ್ರಷ್ ಮಾಡ್ತೀರಾ ಮೇಷ್ಟ್ರೇ?” ಅಂತ ಕೇಳಿದೆ.

“ಇಲ್ಲ ಡಾಕ್ಟ್ರೇ. ಅಲ್ಲಿ ಬ್ರಷ್ ತಾಗಿದ್ರೆ ರಕ್ತ ಬರುತ್ತೆ. ಮೂರ್ನಾಲ್ಕು ವರ್ಷದಿಂದ ಬೆರಳಲ್ಲೇ ಉಜ್ಕೋತಿದ್ದೀನಿ.”

ಅವರು ನಿವೃತ್ತ ಹೈಸ್ಕೂಲ್ ಮೇಷ್ಟ್ರು. 61 ವರ್ಷ, ಜೊತೆಗೆ ಸಕ್ಕರೆ ಕಾಯಿಲೆ. ವಸಡಿಗೆ ನೋವಾಗದಿರಲಿ ಅಂತ ಜೋಪಾನ ಮಾಡುತ್ತಿದ್ದೇನೆ ಅಂದುಕೊಂಡಿದ್ದರು. ವಸಡಿನ ಚಿಕಿತ್ಸೆ ಮಾಡುವ ನಾನು ಈ ಮಾತನ್ನು ವಾರಕ್ಕೆ ಎರಡು ಸಲವಾದರೂ ಕೇಳುತ್ತೇನೆ. ಪ್ರತಿ ಸಲವೂ ಸಂಕಟವಾಗುತ್ತದೆ. ರಕ್ತ ಬರುತ್ತಿರುವುದು ಬ್ರಷ್‌ನಿಂದಲ್ಲ. ಅಲ್ಲಿ ಕೊಳೆ ಕೂತು ವಸಡು ಬಾತುಕೊಂಡಿದೆ, ಅದಕ್ಕೇ ಮುಟ್ಟಿದರೆ ರಕ್ತ ಬರುತ್ತದೆ. ಬ್ರಷ್ ನಿಲ್ಲಿಸಿದರೆ ಕೊಳೆ ಇನ್ನೂ ಜಾಸ್ತಿಯಾಗುತ್ತದೆ.

ಇದನ್ನು ತೋರಿಸಿಕೊಟ್ಟ ಪ್ರಯೋಗವೊಂದಿದೆ. 1965ರಲ್ಲಿ ಡೆನ್ಮಾರ್ಕ್‌ನಲ್ಲಿ ಹರಾಲ್ಡ್ ಲೋ ಎಂಬ ಸಂಶೋಧಕ ಮತ್ತು ಸಂಗಡಿಗರು ವಸಡು ಚೆನ್ನಾಗಿದ್ದ 12 ಮಂದಿಗೆ ಹಲ್ಲು ಉಜ್ಜುವುದನ್ನು ಪೂರ್ತಿ ನಿಲ್ಲಿಸಲು ಹೇಳಿದರು. 10ರಿಂದ 21 ದಿನಗಳೊಳಗೆ ಅಷ್ಟೂ ಮಂದಿಯ ವಸಡು ಬಾತುಕೊಂಡಿತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ. ಆರಂಭದ ಹಂತದಲ್ಲಿ ವಸಡಿನ ಕಾಯಿಲೆ ಇಷ್ಟು ಸುಲಭವಾಗಿ ಬಗ್ಗುತ್ತದೆ. ಮೇಷ್ಟ್ರು ಆ ಹಂತ ದಾಟಿದ್ದರು, ಅದೇ ಬೇಜಾರು.

ಹಲ್ಲಿನ ಮೇಲೆ ದಿನಾ ಕೂರುವ ಬಿಳಿ ಲೋಳೆ ಸುಮ್ನೆ ಉಳಿದ ಅನ್ನವಲ್ಲ. ಅದು ಬ್ಯಾಕ್ಟೀರಿಯಾಗಳ ಪದರ. ಮೆತ್ತಗಿರುವಾಗ ಬ್ರಷ್‌ಗೆ ಬರುತ್ತದೆ. ಬಿಟ್ಟರೆ ಎಂಜಲಿನಲ್ಲಿರುವ ಸುಣ್ಣದ ಅಂಶ ಸೇರಿ ಕೆಲವೇ ದಿನಗಳಲ್ಲಿ ಕಲ್ಲಾಗತೊಡಗುತ್ತದೆ. ಬೋರ್‌ವೆಲ್ ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಪದರ ಕಟ್ಟುತ್ತದಲ್ವಾ, ಹಾಗೆ. ಆಮೇಲೆ ಯಾವ ಪೇಸ್ಟ್‌ಗೂ ಅದು ಏಳುವುದಿಲ್ಲ. ಉಪ್ಪು, ಇದ್ದಿಲು ಹಾಕಿ ತಿಕ್ಕಿದರೆ ಹಲ್ಲು ಸವೆಯುತ್ತದೆ, ಕಲ್ಲು ಅಲ್ಲೇ ಇರುತ್ತದೆ. ಕಲ್ಲಿನ ಒರಟು ಮೈಮೇಲೆ ಹೊಸ ಲೋಳೆ ಕೂರುತ್ತದೆ, ನಿಧಾನಕ್ಕೆ ವಸಡಿನ ಕೆಳಗೆ ಇಳಿಯುತ್ತದೆ. ಅಲ್ಲಿ ಹಲ್ಲನ್ನು ಹಿಡಿದಿರುವ ಮೂಳೆ ಕರಗಲು ಶುರುವಾಗುತ್ತದೆ. ಹೀಗೆ ಕರಗಿದ ಮೂಳೆ ತಾನಾಗಿ ಮತ್ತೆ ಬೆಳೆಯುವುದಿಲ್ಲ.

ಇಷ್ಟೆಲ್ಲ ಆಗುವಾಗ ಸಾಮಾನ್ಯವಾಗಿ ನೋವೇ ಇರುವುದಿಲ್ಲ. ಹುಳುಕು ಹಲ್ಲು ರಾತ್ರಿ ನಿದ್ದೆಗೆಡಿಸಿ ಆಸ್ಪತ್ರೆಗೆ ಓಡಿಸುತ್ತದೆ, ವಸಡು ಹಾಗೆ ಮಾಡುವುದಿಲ್ಲ. ಬ್ರಷ್ ಮಾಡುವಾಗ ರಕ್ತ, ಬಾಯಿ ವಾಸನೆ, ಹಲ್ಲು ಉದ್ದವಾದಂತೆ ಕಾಣುವುದು, ಹೊಸದಾಗಿ ಸಂದಿ ಬಿಡುವುದು: ಅದು ಕೊಡುವ ಸೂಚನೆ ಇವೇ. ಬೀಡಿ, ಸಿಗರೇಟು ಸೇದುವವರಲ್ಲಿ ರಕ್ತವೂ ಅಷ್ಟು ಬರುವುದಿಲ್ಲ, ಆದರೆ ಒಳಗೆ ಮೂಳೆ ಬೇಗ ಹೋಗುತ್ತಿರುತ್ತದೆ. “ನಂಗೆ ರಕ್ತ ಬರಲ್ಲ” ಅಂತ ಸೇದುವವರು ಧೈರ್ಯವಾಗಿರುವ ಹಾಗಿಲ್ಲ.

ನಾನು ಮೇಷ್ಟ್ರ ವಸಡಿನ ಅಂಚಿನಲ್ಲಿ ಗುರುತು ಹಾಕಿದ ತೆಳು ಕಡ್ಡಿ ಇಳಿಸಿ ಅಳೆದೆ. ಚೆನ್ನಾಗಿರುವ ವಸಡಿನಲ್ಲಿ ಅದು 1ರಿಂದ 3 ಮಿಲಿಮೀಟರ್ ಇಳಿಯುತ್ತದೆ. ಅವರ ಎಡಗಡೆ 7 ಇತ್ತು. ಅಲುಗಾಡುತ್ತಿದ್ದ ಹಲ್ಲಿನ ಪಕ್ಕದಲ್ಲಿ 8.

“ಕ್ಲೀನ್ ಮಾಡಿಸಿದ್ರೆ ಇರೋ ಹಲ್ಲೂ ಸಡಿಲ ಆಗುತ್ತಂತಲ್ಲ ಡಾಕ್ಟ್ರೇ?”

ಈ ಭಯ ನಮ್ಮಲ್ಲಿ ಮನೆಮನೆಯಲ್ಲೂ ಇದೆ. ಇದರಿಂದಲೇ ಎಷ್ಟೋ ಜನ ಹಲ್ಲು ಕಳೆದುಕೊಂಡಿದ್ದಾರೆ. ಬೇಲಿ ಗೂಟದ ಬುಡದಲ್ಲಿ ಮಣ್ಣೆಲ್ಲ ಕೊಚ್ಚಿಹೋಗಿದೆ, ಸುತ್ತ ಕಸಕಡ್ಡಿ ಸಿಕ್ಕಿಕೊಂಡು ಗೂಟ ನಿಂತ ಹಾಗಿದೆ ಅಂದುಕೊಳ್ಳಿ. ಕಸ ತೆಗೆದಾಗ ಗೂಟ ಅಲುಗಾಡುವುದು ಗೊತ್ತಾಗುತ್ತದೆ. ಆದರೆ ಗೂಟ ಸಡಿಲವಾಗಿದ್ದು ಮಣ್ಣು ಹೋದಾಗಲೇ. ಸಂದಿ ಕಾಣುವುದೂ ಹೀಗೆಯೇ. ಕಲ್ಲು ತುಂಬಿಕೊಂಡಿದ್ದ ಜಾಗ ಖಾಲಿಯಾಗಿದೆ, ಊದಿದ್ದ ವಸಡು ಇಳಿದಿದೆ. ಕೆಲವು ದಿನ ತಣ್ಣೀರಿಗೆ ಜುಂ ಅನ್ನುವುದು ನಿಜ. ಅದು ಕಡಿಮೆಯಾಗುತ್ತದೆ.

ಇನ್ನು ಮೆಡಿಕಲ್ ಶಾಪ್‌ನಿಂದ ಮಾತ್ರೆ ತಂದು ನುಂಗುವವರ ವಿಷಯ. ಊತ ನಾಲ್ಕು ದಿನ ಇಳಿಯಬಹುದು. ಆದರೆ ಕಲ್ಲನ್ನು ಯಾವ ಆ್ಯಂಟಿಬಯೋಟಿಕ್ಕೂ ಕರಗಿಸುವುದಿಲ್ಲ, ಅಂಟಿಕೊಂಡ ಪದರದೊಳಗೆ ಔಷಧಿ ಸರಿಯಾಗಿ ಇಳಿಯುವುದೂ ಇಲ್ಲ. ಕೈಯಿಂದಲೇ ತೆಗೆಯಬೇಕು. ಮೇಷ್ಟ್ರಿಗೆ ಜಾಗ ಮರಗಟ್ಟಿಸಿ, ವಸಡಿನ ಕೆಳಗೆ ಬೇರಿನ ತನಕ ಕ್ಲೀನ್ ಮಾಡಿದೆವು. ಎರಡು ಸಲ ಬಂದರು, ಒಂದೊಂದು ಸಲಕ್ಕೆ ಸುಮಾರು ಒಂದು ಗಂಟೆ ಹಿಡಿಯಿತು.

ಸಕ್ಕರೆ ಕಾಯಿಲೆ ಇದ್ದವರು ಇದನ್ನು ಗಮನವಿಟ್ಟು ಓದಿ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ವಸಡು ಬೇಗ ಹಾಳಾಗುತ್ತದೆ. ವಸಡಿನಲ್ಲಿ ಸೋಂಕು ಇದ್ದರೆ ಸಕ್ಕರೆ ಇಳಿಯುವುದೂ ಕಷ್ಟ. ವಸಡಿನ ಚಿಕಿತ್ಸೆಯಾದ ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆಯ ಅಂಕಿ) ಸರಾಸರಿ 0.4ರಷ್ಟು ಇಳಿಯುವುದು ಅಧ್ಯಯನಗಳಲ್ಲಿ ಕಂಡಿದೆ. ಸಣ್ಣ ಅಂಕಿಯಂತೆ ಕಾಣುತ್ತದೆ, ಸಕ್ಕರೆ ಡಾಕ್ಟರನ್ನು ಕೇಳಿ ನೋಡಿ, ಅದರ ಬೆಲೆ ಹೇಳುತ್ತಾರೆ. ಬಿಪಿಗೆ ಆಮ್ಲೋಡಿಪಿನ್ ತೆಗೆದುಕೊಳ್ಳುವ ಕೆಲವರಲ್ಲಿ ವಸಡು ದಪ್ಪಗೆ ಬೆಳೆಯುತ್ತದೆ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಹಲ್ಲಿನ ಡಾಕ್ಟರಿಗೆ ಮಾತ್ರೆ ಚೀಟಿ ತೋರಿಸಿ. ಬಸುರಿಯರಿಗೂ ವಸಡು ಊದುವುದುಂಟು. ಅವರಿಗೂ ಕ್ಲೀನ್ ಮಾಡಬಹುದು, ನಾಲ್ಕರಿಂದ ಆರನೇ ತಿಂಗಳು ಅನುಕೂಲದ ಸಮಯ.

ಮನೆಯಲ್ಲಿ ಮಾಡಬೇಕಾದದ್ದನ್ನು ಮೇಷ್ಟ್ರಿಗೆ ಕನ್ನಡಿ ಹಿಡಿದು ತೋರಿಸಿದೆ. ಮೆತ್ತನೆಯ ಬ್ರಷ್. ಎಳೆಗಳು ಹಲ್ಲು ಮತ್ತು ವಸಡು ಸೇರುವ ಗೆರೆಗೆ ಓರೆಯಾಗಿ ತಾಗಬೇಕು. ಪಾತ್ರೆ ತಿಕ್ಕಿದಂತೆ ಅಡ್ಡಡ್ಡ ಉಜ್ಜದೆ, ಅಲ್ಲೇ ಮೆಲ್ಲಗೆ ಅಲುಗಾಡಿಸಿ ಹೊರಗೆ ತಿರುಗಿಸಬೇಕು. ಬೆಳಿಗ್ಗೆ ಎರಡು ನಿಮಿಷ, ರಾತ್ರಿ ಎರಡು ನಿಮಿಷ. ಒಂದೇ ಸಲ ಸಾಧ್ಯ ಅನ್ನುವವರಿಗೆ ನಾನು ರಾತ್ರಿ ಬಿಡಬೇಡಿ ಅನ್ನುತ್ತೇನೆ. ಸಂದಿಗೆ ಪಿನ್ನು, ಬೆಂಕಿಕಡ್ಡಿ ಹಾಕಬೇಡಿ. ಸಂದಿಗೆಂದೇ ಮಾಡಿದ ಪುಟ್ಟ ಬ್ರಷ್ ಸಿಗುತ್ತದೆ. ಮೊದಲ ನಾಲ್ಕೈದು ದಿನ ರಕ್ತ ಬರುತ್ತದೆ, ಹೆದರಿ ನಿಲ್ಲಿಸಬೇಡಿ. ಎರಡು ವಾರವಾದರೂ ನಿಲ್ಲದಿದ್ದರೆ ಒಳಗೆ ಕಲ್ಲಿರಬಹುದು, ಬಂದು ತೋರಿಸಿ. ಖರ್ಚಿನ ಚಿಂತೆಯಿದ್ದರೆ ಹತ್ತಿರದ ದಂತ ವೈದ್ಯಕೀಯ ಕಾಲೇಜಿಗೆ ಹೋಗಿ. ಬೆಂಗಳೂರಿನಲ್ಲಿ ಸರ್ಕಾರಿ ಕಾಲೇಜೇ ಇದೆ. ಕಲಿಯುವವರು ಮಾಡುತ್ತಾರೆ ಅಂತ ಹಿಂಜರಿಯಬೇಡಿ, ಪಕ್ಕದಲ್ಲಿ ಕಲಿಸುವವರು ಇರುತ್ತಾರೆ, ಸಮಯ ಕೊಟ್ಟು ಮಾಡುತ್ತಾರೆ.

ಎಂಟು ವಾರ ಕಳೆದು ಮೇಷ್ಟ್ರು ಬಂದರು. ಮತ್ತೆ ಅಳೆದೆ. 7 ಇದ್ದ ಕಡೆಗಳಲ್ಲಿ ಹೆಚ್ಚಿನವು 4ಕ್ಕೆ ಬಂದಿದ್ದವು. ಅಲುಗಾಡುತ್ತಿದ್ದ ಹಲ್ಲು ಸ್ವಲ್ಪ ಬಿಗಿಯಾಗಿತ್ತು, ಆದರೆ ಅದರ ಪಕ್ಕದ ಗುಳಿ ಇನ್ನೂ 6 ಇತ್ತು. ಅಲ್ಲಿ ವಸಡು ಬಿಡಿಸಿ ಕ್ಲೀನ್ ಮಾಡುವ ಸಣ್ಣ ಆಪರೇಷನ್ ಬೇಕು, ಆದರೂ ಆ ಹಲ್ಲು ಉಳಿಯುತ್ತದೆ ಅಂತ ಖಾತ್ರಿ ಕೊಡಲಾರೆ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾಡಿ ನೋಡೋಣ ಡಾಕ್ಟ್ರೇ” ಅಂದರು. ಮುಂದಿನ ಗುರುವಾರ ಬರಲು ಹೇಳಿದ್ದೇನೆ.