ದೊಡ್ಡದು ಮಾಡಿದರೆ ಪಿಕ್ಸೆಲ್ ಚಿತ್ರ ಮಸುಕಾಗುವುದೇಕೆ?

ಚಿಕ್ಕಮಗಳೂರಿನ ಕಾಫಿ ತೋಟವನ್ನೇ ಗೇಮ್ ಮಾಡಲು ಹೊರಟಿದ್ದೀರಿ ಎನ್ನಿ. 16×16 ಚೌಕದಲ್ಲಿ ಒಂದು ಗಿಡ, ಒಂದೊಂದು ಹಣ್ಣಿಗೆ ಒಂದೇ ಕೆಂಪು ಪಿಕ್ಸೆಲ್. ಎಡಿಟರ್‌ನಲ್ಲಿ ಚೊಕ್ಕವಾಗಿದ್ದ ಗಿಡ ಪರದೆ ತುಂಬಿದ ಕೂಡಲೇ ಮಬ್ಬಾಗುತ್ತದೆ. ಹಿಗ್ಗಿಸುವಾಗ ಬಳಸುವ ಬೈಲೀನಿಯರ್ ಫಿಲ್ಟರ್ ಹತ್ತಿರದ ನಾಲ್ಕು ಪಿಕ್ಸೆಲ್‌ಗಳ ಬಣ್ಣ ಬೆರೆಸುತ್ತದೆ. ಹಣ್ಣಿನ ಕೆಂಪಿಗೆ ಎಲೆಯ ಹಸಿರು ಸೇರಿ ಅಂಚೆಲ್ಲ ಕೆಸರು. ಫೋಟೋಗೆ ಇದೇ ಸರಿ, ಹಾಗಾಗಿ ಬಹಳಷ್ಟು ಕಡೆ ಮೊದಲೇ ಆನ್ ಆಗಿರುತ್ತದೆ.

ಹಳೆಯ ಡಬ್ಬಾ ಟಿವಿಗಳ ಕಾಲದಲ್ಲಿ ಈ ತಕರಾರೇ ಇರಲಿಲ್ಲ, ಪರದೆಯೇ ಅಂಚುಗಳನ್ನು ಮೃದು ಮಾಡುತ್ತಿತ್ತು. 1992ರಲ್ಲಿ ಲ್ಯೂಕಾಸ್‌ಆರ್ಟ್ಸ್ ಗೇಮ್ ಕಂಪನಿಯ ಎರಿಕ್ ಜಾನ್‌ಸ್ಟನ್ 320×200ರ ಆಟಗಳನ್ನು ಮ್ಯಾಕಿಂಟಾಷ್‌ಗೆ ತರುವಾಗ ಇಪಿಎಕ್ಸ್ ಎಂಬ ಹಿಗ್ಗಿಸುವ ಸೂತ್ರ ಬರೆದರು. ಒಂದು ಪಿಕ್ಸೆಲ್ ನಾಲ್ಕಾಗುತ್ತದೆ. ಮೇಲಿನದೂ ಎಡದ್ದೂ ಒಂದೇ ಬಣ್ಣವಾದರೆ ಆ ಮೂಲೆಗೆ ಅದೇ ಬಣ್ಣ, ಮೂರು ಕಡೆ ಒಂದೇ ಬಣ್ಣವಿದ್ದರೆ ಮುಟ್ಟುವುದಿಲ್ಲ. ಹಾಗಾಗಿ ಒಂಟಿ ಕೆಂಪು ಹಣ್ಣು ಇಲ್ಲಿ ಬಚಾವು. 2001ರಲ್ಲಿ ಬಂದ ಇನ್ನೊಂದು ಸೂತ್ರ ಸ್ಕೇಲ್2ಎಕ್ಸ್‌ದೂ ಇದೇ ಫಲಿತಾಂಶ. 2003ರ ಎಚ್‌ಕ್ಯೂ2ಎಕ್ಸ್ ಸುತ್ತಲಿನ ಎಂಟೂ ಪಿಕ್ಸೆಲ್ ಹೋಲಿಸಿ 256 ಮಾದರಿಗಳ ಪಟ್ಟಿಯಿಂದ ಬಣ್ಣ ಬೆರೆಸುತ್ತದೆ. 2011ಕ್ಕೆ ಇದೇ ಸಾಲಿನ ಎಕ್ಸ್‌ಬಿಆರ್ ಬಂತು.

ಎಮ್ಯುಲೇಟರ್‌ನಲ್ಲಿ, ಅಂದರೆ ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶದಲ್ಲಿ, ಹಳೆಯ ಆಟ ಆಡುವವರಿಗೆ ಇವು ಹಬ್ಬ. ಚಿತ್ರ ಬರೆದವರಿಗೆ ಅಷ್ಟೇನಲ್ಲ. ಮೆಟ್ಟಿಲು ಕಂಡಲ್ಲೆಲ್ಲ ಇವು ಓರೆಗೆರೆ ಎಂದೇ ಎಣಿಸುತ್ತವೆ. ಬೇಲೂರು ದೇಗುಲದ ನಕ್ಷತ್ರಾಕಾರದ ಕಟ್ಟೆ, ಜಗತಿ, ಬರೆದು ನೋಡಿ: ಆ ನಕ್ಷತ್ರದ ಮೂಲೆಗಳೇ ಚಿತ್ರದ ಜೀವ, ಅವನ್ನೇ ಕತ್ತರಿಸುತ್ತವೆ. ಕನ್ನಡ ಅಕ್ಷರಕ್ಕೂ ಇದೇ ಗತಿ, ಒತ್ತಕ್ಷರದ ಒಂದು ಪಿಕ್ಸೆಲ್ ಸಂದು ಮುಚ್ಚಿಕೊಳ್ಳುತ್ತದೆ.

ಎಲ್‌ಸಿಡಿ ಬಂದ ಮೇಲೆ ಉಳಿದ ನೇರ ದಾರಿ ನಿಯರೆಸ್ಟ್ ನೇಬರ್: ಬಣ್ಣ ಬೆರೆಸದೆ ಹತ್ತಿರದ ಒಂದೇ ಪಿಕ್ಸೆಲ್‌ನದನ್ನು ತೆಗೆದುಕೊಳ್ಳುವುದು, ಅದೂ ಪೂರ್ಣಾಂಕ ಪಟ್ಟಿನಲ್ಲಿ. 320×180ರಲ್ಲಿ ಕಟ್ಟಿದ ಆಟ 720ಪಿ ಪರದೆಗೆ 4 ಪಟ್ಟು, 1080ಪಿಗೆ 6, 4ಕೆಗೆ 12. ಎಡವುವುದು 1366×768 ಲ್ಯಾಪ್‌ಟಾಪ್‌ನಲ್ಲಿ. 768ನ್ನು 180ರಿಂದ ಭಾಗಿಸಿದರೆ 4.27, ಕೆಲವು ಸಾಲು 4 ಪಿಕ್ಸೆಲ್ ದಪ್ಪ, ಕೆಲವು 5. ಪಾತ್ರ ನಡೆದರೆ ಅದರ ಕಣ್ಣು ಊದುತ್ತದೆ, ಕುಗ್ಗುತ್ತದೆ. ನಾಲ್ಕೇ ಪಟ್ಟು ಮಾಡಿ 1280×720ಕ್ಕೆ ನಿಲ್ಲಿಸಿದರೆ ಎಡಬಲಕ್ಕೆ 43, ಮೇಲೆ ಕೆಳಗೆ 24 ಪಿಕ್ಸೆಲ್ ಕಪ್ಪು ಪಟ್ಟಿ. ಅಷ್ಟಕ್ಕೆ ಯಾರೂ ಆಟ ಬಿಟ್ಟು ಏಳುವುದಿಲ್ಲ. ಪಟ್ಟಿ ಬೇಡವೇ ಬೇಡ ಎಂದರೆ ನಿಯರೆಸ್ಟ್‌ನಲ್ಲಿ 5 ಪಟ್ಟು ಹಿಗ್ಗಿಸಿ, 1600×900ರಿಂದ ಬೈಲೀನಿಯರ್‌ನಲ್ಲಿ ಇಳಿಸಿ. ಮಬ್ಬು ಅಂಚಿನ ಒಂದೆರಡು ಪಿಕ್ಸೆಲ್‌ಗೆ ನಿಲ್ಲುತ್ತದೆ. 2019ರಿಂದ ಇಂಟೆಲ್, ಎನ್‌ವಿಡಿಯಾ ಡ್ರೈವರ್‌ಗಳಲ್ಲೂ ಪೂರ್ಣಾಂಕ ಹಿಗ್ಗಿಸುವಿಕೆ ಇದೆ, ಎಲ್ಲ ಚಿಪ್‌ಗಳಿಗಲ್ಲ.

ಗೇಮ್ ಕಟ್ಟುವ ತಂತ್ರಾಂಶ ಯೂನಿಟಿಯಲ್ಲಿ ಫಿಲ್ಟರ್ ಮೋಡ್ 'ಪಾಯಿಂಟ್', ಕಂಪ್ರೆಷನ್ 'ನನ್' ಮಾಡಬೇಕು. ಎರಡನೆಯದನ್ನು ಮರೆತರೆ ಬಣ್ಣ ಕಲೆಗಟ್ಟುತ್ತದೆ. ಅಂಥದ್ದೇ ಇನ್ನೊಂದು, ಗೋಡೋ 4ರಲ್ಲಿ ಟೆಕ್ಸ್‌ಚರ್ ಫಿಲ್ಟರ್ 'ನಿಯರೆಸ್ಟ್', ಸ್ಟ್ರೆಚ್ ಮೋಡ್ 'ವ್ಯೂಪೋರ್ಟ್', 4.2ರಿಂದ ಸ್ಕೇಲ್ ಮೋಡ್ 'ಇಂಟಿಜರ್'. ಬ್ರೌಸರ್ ಆಟಕ್ಕೆ ಸಿಎಸ್‌ಎಸ್‌ನಲ್ಲಿ 'ಇಮೇಜ್-ರೆಂಡರಿಂಗ್: ಪಿಕ್ಸಲೇಟೆಡ್'. ಆದರೂ ವಿಂಡೋಸ್‌ನ ಡಿಸ್‌ಪ್ಲೇ 125% ಇದ್ದರೆ 3 ಪಟ್ಟು ಎಂದು ಬರೆದದ್ದು 3.75 ಆಗಿ ಕೂರುತ್ತದೆ. ಅಲ್ಲಿ 4 ಬರೆಯಿರಿ, ಸರಿಯಾಗಿ 5 ಬರುತ್ತದೆ. ಚಿತ್ರವನ್ನು ಗೆಳೆಯರಿಗೆ ವಾಟ್ಸಾಪ್‌ನಲ್ಲಿ ಕಳಿಸುವಾಗ ಫೋಟೋ ಎಂದು ಕಳಿಸಬೇಡಿ, ಡಾಕ್ಯುಮೆಂಟ್ ಎಂದೇ ಕಳಿಸಿ. ಇಲ್ಲದಿದ್ದರೆ ಜೆಪಿಇಜಿ ಆಗಿ ಹೋಗುತ್ತದೆ, ಆಮೇಲೆ ಯಾವ ಸೆಟ್ಟಿಂಗೂ ಕೈಹಿಡಿಯದು.